ಅರ್ಜಿಯ ಇಂಗ್ಲಿಷಿನಿಂದ ಅಭಿಪ್ರಾಯದ ಇಂಗ್ಲಿಷಿಗೆ

ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ, ಇಂಗ್ಲಿಷಿನಲ್ಲಿ ಒಂದು ರಜಾ ಅರ್ಜಿ ಬರೆಯಿರಿ ಎಂದರೆ ತಡವರಿಸದೆ ಬರೆದುಕೊಡುತ್ತಾರೆ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಶುರುವಾಗಿ ‘ಯುವರ್ಸ್ ಒಬೀಡಿಯಂಟ್ಲಿ’ ಎಂದು ಮುಗಿಯುವ ಆ ಒಕ್ಕಣೆ ನಮ್ಮ ಹಲವು ತಲೆಮಾರುಗಳಿಗೆ ಬಾಯಿಪಾಠ. ‘ದಿ ಕೌ’ ಎಂಬ ಪ್ರಬಂಧದ ಕಥೆಯೂ ಅಷ್ಟೆ. ಆದರೆ ಅದೇ ವ್ಯಕ್ತಿಗೆ, ನಿಮ್ಮೂರಿಗೆ ಬಸ್ಸು ಯಾವ ಹೊತ್ತಿಗೆ ಬಂದರೆ ಅನುಕೂಲ, ಏಕೆ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ ಎಂದರೆ ಪೆನ್ನು ನಿಂತುಬಿಡುತ್ತದೆ. ಬಸ್ಸಿನ ಬಗ್ಗೆ ಅವರಿಗೆ ಅಭಿಪ್ರಾಯವಿಲ್ಲವೆಂದಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅಭಿಪ್ರಾಯ ಬರೆಯಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಈ ಮಾತಿಗೆ ಈ ಲೇಖಕನೂ ಹೊರತಲ್ಲ. ಪ್ರೌಢಶಾಲೆಯಲ್ಲಿದ್ದಾಗ ‘ನನ್ನ ಹಳ್ಳಿ’ ಎಂಬ ವಿಷಯ ಕೊಟ್ಟಿದ್ದರು. ಬೇಸಿಗೆಯಲ್ಲಿ ನಮ್ಮೂರು ನನಗೆ ಹಿಡಿಸುವುದಿಲ್ಲ, ನೀರಿಗೆ ದೂರ ಹೋಗಬೇಕು ಎಂದು ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದೆ. ಪುಟದ ಮೇಲೆ ಅಡ್ಡಗೆರೆ ಬಿತ್ತು. ಗೈಡಿನಲ್ಲಿದ್ದ ‘ಮೈ ವಿಲೇಜ್ ಈಸ್ ವೆರಿ ಬ್ಯೂಟಿಫುಲ್’ ಎಂಬ ಪ್ರಬಂಧವನ್ನು ಮೂರು ಸಲ ನಕಲು ಮಾಡಿಕೊಂಡು ಬರುವಂತೆ ಅಪ್ಪಣೆಯಾಯಿತು. ಆ ಪ್ರಬಂಧದ ಹಳ್ಳಿಯಲ್ಲಿ ತುಂಬಿ ಹರಿಯುವ ನದಿಯೊಂದಿತ್ತು. ನಮ್ಮೂರಿನಲ್ಲಿ ಇರಲಿಲ್ಲ. ಮೇಷ್ಟ್ರ ಮೇಲೆ ಈಗ ಸಿಟ್ಟಿಲ್ಲ. ಅವರೂ ಹಾಗೆಯೇ ಕಲಿತು ಬಂದವರು. ಆದರೆ ಈ ಪದ್ಧತಿ ಎಲ್ಲಿಂದ ಬಂತು, ಬೇರೆ ದಾರಿ ಇತ್ತೇ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಮ್ಮನ್ನು ಮತ್ತೆ ಮತ್ತೆ ಎದುರುಗೊಳ್ಳುತ್ತವೆ.

ಬಂಡೆಯ ಮೇಲಿನ ‘ನಾನು’

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕ ಚಕ್ರವರ್ತಿಯ ಕಿರು ಶಿಲಾಶಾಸನಗಳಿರುವುದು ಎಲ್ಲರೂ ಬಲ್ಲ ಸಂಗತಿ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ ಈ ಬರಹದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ ಇದು. ಬ್ರಹ್ಮಗಿರಿಯ ಬುಡದಲ್ಲಿದ್ದ ಊರೇ ಆ ಇಸಿಲ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಶಾಸನದ ಒಳಗಿರುವ ಮಾತಿನ ಕ್ರಮವನ್ನು ನೋಡಬೇಕು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆ ಶ್ರಮಪಟ್ಟೆ, ಅದರ ಫಲ ಕಂಡಿತು ಎನ್ನುತ್ತಾನೆ ರಾಜ. ಇಂಥ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಾಧ್ಯ ಎಂದು ಮುಂದುವರಿಸುತ್ತಾನೆ. ಮೊದಲು ‘ನಾನು’, ಆಮೇಲೆ ಸ್ವಂತ ಅನುಭವ, ಅದರಿಂದ ಹೊರಡುವ ಅಭಿಪ್ರಾಯ, ಕೊನೆಗೆ ಕೇಳುಗರಿಗೊಂದು ಕರೆ. ತನ್ನ ಸೋಮಾರಿತನವನ್ನೂ ಮುಚ್ಚಿಡದ ಬರಹ ಇದು. ಇಂದಿನ ಶಿಕ್ಷಣ ತಜ್ಞರು ‘ಅಭಿಪ್ರಾಯ ಬರಹ’ ಎಂದು ಯಾವುದನ್ನು ಕರೆಯುತ್ತಾರೋ ಅದರ ಎಲ್ಲ ಅಂಗಗಳೂ ಇಲ್ಲಿವೆ. ಅದೂ ಈ ನೆಲದ ಜನ ಆಡದ, ಹೊರಗಿನಿಂದ ಬಂದ ಭಾಷೆಯಲ್ಲಿ!

ಶಾಸನದ ಎರಡನೆಯ ಭಾಗದಲ್ಲಿ ನೀತಿಯ ಮಾತುಗಳಿವೆ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು. ಇದು ಪುರಾತನ ಸ್ವಭಾವ ಎಂದು ಶಾಸನವೇ ಹೇಳುತ್ತದೆ. ಸತ್ಯ ನುಡಿಯುವುದೂ ಗುರುವನ್ನು ಗೌರವಿಸುವುದೂ ಒಂದೇ ಉಸಿರಿನಲ್ಲಿ ಬಂದಿವೆ. ನಮ್ಮ ತರಗತಿಗಳಲ್ಲಿ ಇವೆರಡೂ ಬೇರೆಬೇರೆಯಾಗಿ, ಗೌರವ ಎಂದರೆ ಸುಮ್ಮನಿರುವುದು ಎಂಬ ಅರ್ಥ ಬಂದದ್ದು ಹೇಗೆ?

ಹೋಬಳಿ ಶಾಲೆ, ಎ.ವಿ. ಸ್ಕೂಲು

ಶಾಸನಗಳನ್ನು ಶೋಧಿಸಿದ ರೈಸ್ ಅವರ ಹೆಸರು ನಮ್ಮ ಶಾಲೆಗಳ ಚರಿತ್ರೆಯಲ್ಲೂ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಅವರು ಶಾಸನತಜ್ಞರಾಗುವ ಮೊದಲು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದವರು. ಹೋಬಳಿಗೊಂದು ಶಾಲೆ ಇರಬೇಕು, ಅಲ್ಲಿ ಕನ್ನಡದಲ್ಲಿ ಪಾಠ ನಡೆಯಬೇಕು ಎಂಬ 1868ರ ಯೋಜನೆ ಅವರದೇ. ಕೂಲಿಮಠದ ಮರಳಿನ ಮೇಲೆ ಅಕ್ಷರ ತಿದ್ದಿ ಮಗ್ಗಿ ಒಪ್ಪಿಸುತ್ತಿದ್ದ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆದದ್ದು ಹೀಗೆ. ಇಂಗ್ಲಿಷ್ ಮಾತ್ರ ಇನ್ನೂ ದೂರವಿತ್ತು. ಅದನ್ನು ಕಲಿಯಬೇಕೆಂದರೆ ಪಟ್ಟಣದ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ, ಅಂದರೆ ನಮ್ಮ ಅಜ್ಜಂದಿರು ಹೇಳುತ್ತಿದ್ದ ಎ.ವಿ. ಸ್ಕೂಲಿಗೆ ಹೋಗಬೇಕಿತ್ತು.

ಅಲ್ಲಿ ಕಲಿಸುತ್ತಿದ್ದ ಇಂಗ್ಲಿಷಿನ ಗುರಿ ಏನಿತ್ತು? 1835ರ ಫೆಬ್ರವರಿ 2ರಂದು ಮೆಕಾಲೆ ಬರೆದ ಟಿಪ್ಪಣಿಯಲ್ಲೇ ಅದು ಸ್ಪಷ್ಟವಾಗಿತ್ತು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ದುಭಾಷಿಗಳಾಗಬಲ್ಲ ಒಂದು ವರ್ಗ ಬೇಕಾಗಿತ್ತು. ದುಭಾಷಿಗೆ ಸ್ವಂತ ಅಭಿಪ್ರಾಯ ಇರಬೇಕಿಲ್ಲ. ಗುಮಾಸ್ತನಿಗಂತೂ ಅದು ತೊಡಕು. ದುಂಡಗಿನ ಅಕ್ಷರ, ತಪ್ಪಿಲ್ಲದ ನಕಲು, ಉದ್ದದ ಕಾಗದವನ್ನು ಮೂರು ಸಾಲಿಗೆ ಇಳಿಸುವ ಜಾಣ್ಮೆ, ಮೇಲಿನವರಿಗೆ ತಗ್ಗಿಬಗ್ಗಿ ಬರೆಯುವ ಒಕ್ಕಣೆ ಇದ್ದರೆ ಸಾಕಿತ್ತು. ಜನರ ಕಡೆಯಿಂದಲೂ ಸರ್ಕಾರಕ್ಕೆ ಹೋಗುತ್ತಿದ್ದುದು ಮುಖ್ಯವಾಗಿ ಅರ್ಜಿಯೇ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದಾಗಲೂ ಸದಸ್ಯರು ಕುಂದುಕೊರತೆ ಹೇಳಿಕೊಳ್ಳಬಹುದಿತ್ತೇ ಹೊರತು ಕಾನೂನು ಮಾಡುವ ಅಧಿಕಾರವಿರಲಿಲ್ಲ. ಬೇಡುವ ಭಾಷೆ ಬೇರೆ, ಹೇಳುವ ಭಾಷೆ ಬೇರೆ. ನಮ್ಮ ಶಾಲೆಗಳಿಗೆ ಇಂಗ್ಲಿಷ್ ಬಂದದ್ದು ಬೇಡುವ ಭಾಷೆಯಾಗಿ. ರಜಾ ಅರ್ಜಿ ಅದರ ಕೊನೆಯ ಕುಡಿ.

ತಳುಕಿನ ಮೇಷ್ಟ್ರು, ಮೈಸೂರಿನ ಶಿಷ್ಯ

ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿ ತಳುಕು. ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ಟಿ.ಎಸ್. ಶಾಮರಾವ್, ಅದೇ ಮನೆತನದ ಕಾದಂಬರಿಕಾರ ತ.ರಾ.ಸು. ಹೀಗೆ ಕನ್ನಡಕ್ಕೆ ದೊಡ್ಡ ಕೊಡುಗೆ ಕೊಟ್ಟ ಊರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರ ಶಿಷ್ಯ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ.

ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ. 1922ರಲ್ಲಿ ಅಚ್ಚಾದ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಕಿರುಹೊತ್ತಿಗೆ ಅದು. ಆಗ ಅವರಿನ್ನೂ ಹದಿಹರೆಯದ ವಿದ್ಯಾರ್ಥಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಬಂತು. ಮುಂದಿನದು ನಮಗೆಲ್ಲ ಗೊತ್ತಿರುವ ಚರಿತ್ರೆ.

ಈ ಪ್ರಸಂಗವನ್ನು ಇಂಗ್ಲಿಷಿನ ವಿರುದ್ಧ ಕನ್ನಡದ ಗೆಲುವು ಎಂದು ಹೇಳುವುದು ವಾಡಿಕೆ. ಅದಕ್ಕೆ ಇನ್ನೊಂದು ಮಗ್ಗುಲೂ ಇದೆ. ಒಬ್ಬ ಹುಡುಗ ಕಲಿತ ಭಾಷೆಯಲ್ಲಿ ಬರೆದು ತಂದಾಗ ಹಿರಿಯನೊಬ್ಬ ಅದನ್ನು ಓದಿ, ವ್ಯಾಕರಣ ತಿದ್ದಿ ಕಳಿಸಲಿಲ್ಲ. ಈ ಬರಹದಲ್ಲಿ ನೀನು ಎಲ್ಲಿದ್ದೀಯ ಎಂದು ಕೇಳಿದಂತಾಯಿತು. ಮಕ್ಕಳ ಬರಹದ ಮುಂದೆ ಕುಳಿತ ಪ್ರತಿಯೊಬ್ಬ ಮೇಷ್ಟ್ರೂ ಕೇಳಬೇಕಾದ ಪ್ರಶ್ನೆ ಅದೇ. ಕವಿಯಾಗುವವನಿಗೆ ಅದರ ಉತ್ತರ ತಾಯ್ನುಡಿಯಲ್ಲಿ ಸಿಕ್ಕಿತು. ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ಇಂಗ್ಲಿಷನ್ನು ಎದುರಿಸಬೇಕಾದ ಸಾಮಾನ್ಯ ಮಗುವಿಗೆ ಎರಡೂ ಭಾಷೆಯಲ್ಲಿ ಸಿಗಬೇಕು.

ಬೆಂಗಳೂರಿನ ಪ್ರಯೋಗ

ಸ್ವಾತಂತ್ರ್ಯಾನಂತರ ಇಂಗ್ಲಿಷ್ ಬೋಧನೆಗೆ ಹೊಸ ವಿಧಾನಗಳು ಬಂದವು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ವಾಕ್ಯದ ಮಾದರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಮತ್ತೆ ಮತ್ತೆ ಹೇಳಿಸಿ ಕಲಿಸುವ ರಚನಾಕ್ರಮದ ಕಾಲ ಅದು. ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂಬ ಕೋರಸ್ ಶಾಲೆಯ ಹೆಂಚು ಹಾರುವಂತೆ ಕೇಳುತ್ತಿದ್ದ ದಿನಗಳು. ಪೆನ್ನನ್ನು ಪೆನ್ನೆಂದು ಹೇಳುವುದು ಸತ್ಯವೇನೋ ಹೌದು. ಆದರೆ ಅದು ಎಲ್ಲರಿಗೂ ಮೊದಲೇ ಗೊತ್ತಿರುವ ಸತ್ಯ.

ಇದರ ವಿರುದ್ಧ ದೊಡ್ಡ ಪ್ರಶ್ನೆ ಎದ್ದದ್ದೂ ನಮ್ಮಲ್ಲೇ. ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ಪಟ್ಟಿ ಹಿಡಿದು ಕಲಿಸುವುದಕ್ಕಿಂತ, ಮಗುವಿನ ಗಮನ ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ರೈಲಿನ ವೇಳಾಪಟ್ಟಿ ಓದಿ ಯಾವ ಗಾಡಿ ಹಿಡಿಯಬೇಕೆಂದು ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥವೇ ಪಾಠಗಳು. 1987ರಲ್ಲಿ ಈ ಅನುಭವ ಪುಸ್ತಕವಾಗಿ ಹೊರಬಂತು.

ಪ್ರಭು ತರಗತಿಯ ಚಟುವಟಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬರಿಗೆ ಗೊತ್ತಿರುವ ಮಾಹಿತಿ ಇನ್ನೊಬ್ಬರಿಗೆ ದಾಟುವುದು ಮೊದಲನೆಯದು. ಕೊಟ್ಟ ಮಾಹಿತಿಯಿಂದ ತರ್ಕಿಸಿ ಹೊಸದನ್ನು ಕಂಡುಕೊಳ್ಳುವುದು ಎರಡನೆಯದು. ತನ್ನ ಇಷ್ಟ, ಭಾವನೆ, ನಿಲುವುಗಳನ್ನು ಗುರುತಿಸಿ ಹೇಳುವುದು ಮೂರನೆಯದು, ಅದೇ ಅಭಿಪ್ರಾಯದ ಚಟುವಟಿಕೆ. ಸ್ವಾರಸ್ಯವೆಂದರೆ, ಎಳೆಯ ಕಲಿಕೆದಾರರಿಗೆ ಪ್ರಭು ಆರಿಸಿಕೊಂಡದ್ದು ಮೂರನೆಯದನ್ನಲ್ಲ, ಎರಡನೆಯದನ್ನು. ಅಭಿಪ್ರಾಯಕ್ಕೆ ಸರಿ ತಪ್ಪು ಎಂಬ ಅಳತೆಗೋಲಿಲ್ಲ, ಒಬ್ಬೊಬ್ಬರದು ಒಂದೊಂದು. ಹೊಸ ಭಾಷೆಯಲ್ಲಿ ಹೆಜ್ಜೆ ಇಡುವ ಮಗುವಿಗೆ, ತನ್ನ ಉತ್ತರ ಸರಿಯಾಯಿತು ಎಂಬ ಭದ್ರತೆ ಬೇಕು. ಅದು ತರ್ಕದ ಲೆಕ್ಕದಲ್ಲಿ ಸಿಗುತ್ತದೆ.

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಉತ್ತರವೂ ಅದರೊಳಗೇ ಇದೆ. ಅಭಿಪ್ರಾಯಕ್ಕೆ ಸರಿ ತಪ್ಪು ಇಲ್ಲದಿರಬಹುದು, ಅದಕ್ಕೆ ಕೊಡುವ ಕಾರಣಕ್ಕೆ ಇದೆ. ‘ಬೆಳಿಗ್ಗೆಯ ಬಸ್ಸು ಏಳು ಗಂಟೆಗೆ ಬರಬೇಕು’ ಎಂಬುದು ಇಷ್ಟ. ‘ಏಕೆಂದರೆ ಎಂಟರ ಬಸ್ಸು ಹಿಡಿದರೆ ಮೊದಲ ಪಾಠ ತಪ್ಪುತ್ತದೆ’ ಎಂಬುದು ತರ್ಕ. ಎರಡನ್ನೂ ಜೋಡಿಸಿದರೆ ಮಗುವಿಗೆ ಸ್ವಾತಂತ್ರ್ಯವೂ ಇರುತ್ತದೆ, ಮೇಷ್ಟ್ರಿಗೆ ಅಂಕ ಕೊಡಲು ಆಧಾರವೂ ಇರುತ್ತದೆ.

ವಾಕ್ಯ ತಿರುಗುವ ಜಾಗ

ಅಮೆರಿಕದ ಬಹುತೇಕ ರಾಜ್ಯಗಳು ಒಪ್ಪಿಕೊಂಡ 2010ರ ಪಠ್ಯಮಟ್ಟದಲ್ಲಿ ಶಿಶುವಿಹಾರದಿಂದಲೇ ಅಭಿಪ್ರಾಯ ಬರಹವಿದೆ. ಮನೆಯಲ್ಲಿ ಇಂಗ್ಲಿಷ್ ಆಡದ ವಲಸಿಗರ ಮಕ್ಕಳಿಗೂ ಅದನ್ನು ಕಲಿಸಬೇಕು. ಅಲ್ಲಿನ ಮೇಷ್ಟ್ರುಗಳು ಬಳಸುವ ಒಂದು ಸೂತ್ರದ ಹೆಸರು ‘ಓರಿಯೋ’. ಬಿಸ್ಕತ್ತಿನ ಹೆಸರೇ ಸರಿ. ಅಭಿಪ್ರಾಯ, ಕಾರಣ, ಉದಾಹರಣೆ, ಮತ್ತೆ ಅಭಿಪ್ರಾಯ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಆದದ್ದು. ಜೊತೆಗೆ ‘ಐ ಥಿಂಕ್’ ಎಂದು ಬರೆದು ಸ್ವಲ್ಪ ಜಾಗ ಬಿಟ್ಟು, ‘ಬಿಕಾಸ್’ ಎಂದು ಬರೆದು ಮತ್ತೆ ಜಾಗ ಬಿಟ್ಟ ವಾಕ್ಯದ ಚೌಕಟ್ಟು ಕೊಡುತ್ತಾರೆ.

ನಮ್ಮ ಮಕ್ಕಳಿಗೆ ಈ ಚೌಕಟ್ಟು ಅನಾಯಾಸವಾಗಿ ಕೂಡುವುದಿಲ್ಲ, ಅದಕ್ಕೆ ಕಾರಣ ಭಾಷೆಯ ಜಾಯಮಾನದಲ್ಲೇ ಇದೆ. ‘ನಮ್ಮ ಹೊಲ್ದಾಗೆ ಶೇಂಗಾ ಬೆಳೀತೀವಿ, ಅದಕ್ಕೇ ನಂಗೆ ಚಿಕ್ಕಿ ಇಷ್ಟ’ ಎನ್ನುತ್ತದೆ ಚಳ್ಳಕೆರೆಯ ಮಗು. ಕಾರಣ ಮೊದಲು, ಅಭಿಪ್ರಾಯ ಕೊನೆಗೆ. ಇಂಗ್ಲಿಷಿನ ಚೌಕಟ್ಟಿನಲ್ಲಿ ಅಭಿಪ್ರಾಯ ಮುಂದೆ, ಕಾರಣ ಹಿಂದೆ. ಇನ್ನೊಂದು ಸೂಕ್ಷ್ಮವೂ ಉಂಟು. ಇಂಗ್ಲಿಷಿನವನು ‘ನಾನು ಯೋಚಿಸುತ್ತೇನೆ’ ಎಂದು ಕರ್ತೃವಾಗಿ ನಿಲ್ಲುತ್ತಾನೆ. ನಾವು ‘ನನಗೆ ಅನ್ನಿಸುತ್ತದೆ’ ಎನ್ನುತ್ತೇವೆ. ಗಡಿ ತಾಲ್ಲೂಕುಗಳ ಮನೆಗಳಲ್ಲಿ ಕೇಳಿಬರುವ ತೆಲುಗಿನ ‘ನಾಕು ಅನಿಪಿಸ್ತುಂದಿ’, ಉರ್ದುವಿನ ‘ಮುಝೆ ಲಗ್ತಾ ಹೈ’ ಕೂಡ ಇದೇ ಜಾಡಿನವು. ನಮ್ಮಲ್ಲಿ ಅಭಿಪ್ರಾಯ ನಮ್ಮ ಬಳಿಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಾವು ಅದನ್ನು ಮುಂದಿಡುತ್ತೇವೆ. ಹಿರಿಯರ ಎದುರು ‘ನಾನು’ ಎಂದು ಮಾತು ಶುರುಮಾಡುವುದು ಉದ್ಧಟತನ ಎಂದು ಕಲಿತ ಮಗು ‘ಐ ಥಿಂಕ್’ ಎನ್ನಲು ಹಿಂಜರಿದರೆ ಅದು ದಡ್ಡತನವಲ್ಲ. ಮೇಷ್ಟ್ರು ಈ ತಿರುವನ್ನು ಕಪ್ಪು ಹಲಗೆಯ ಮೇಲೆ ಎರಡೂ ಭಾಷೆಯಲ್ಲಿ ಬರೆದು ತೋರಿಸಿದರೆ ಅರ್ಧ ತೊಡಕು ಬಿಡುತ್ತದೆ.

ಕೆನಡಾದ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಹೇಳುತ್ತ ಬಂದದ್ದೂ ಇದನ್ನೇ. ತಾಯ್ನುಡಿಯಲ್ಲಿ ಗಟ್ಟಿಯಾದ ಬರಹ ಹಾಗೂ ತರ್ಕದ ಶಕ್ತಿ ಎರಡನೆಯ ಭಾಷೆಗೂ ದಾಟುತ್ತದೆ. ಆದ್ದರಿಂದ ಮೊದಲು ಕನ್ನಡದಲ್ಲಿ ವಾದಿಸಲಿ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಆಟದ ಮೈದಾನ, ಬಸ್ಸುಗಳ ಬಗ್ಗೆ ಮಕ್ಕಳೇ ಮಾತನಾಡುತ್ತಾರೆ. ಆ ಮಾತಿನ ಎರಡು ಸಾಲು ಮರುದಿನ ಇಂಗ್ಲಿಷ್ ಪಾಠಕ್ಕೆ ಬಂದರೆ ಗೈಡಿನ ಹಂಗೇ ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಬೇಕು. ಬಿಟ್ಟ ಜಾಗ ತುಂಬುವ ಚೌಕಟ್ಟೇ ಮುಂದೆ ಹೊಸ ರಜಾ ಅರ್ಜಿಯಾಗಬಾರದು. ತೊಟ್ಟಿಲು ನಡೆಯಲು ಬಾರದ ತನಕ ಮಾತ್ರ.

ಯಾರ ಹುಲ್ಲುಗಾವಲು?

ನಮ್ಮ ರಾಜ್ಯದಲ್ಲಿ ನಾಲ್ಕು ದಶಕಗಳಿಂದ ಕಾವೇರಿದ ಚರ್ಚೆ ನಡೆದಿರುವುದು ಇಂಗ್ಲಿಷ್ ಯಾವಾಗಿನಿಂದ ಎಂಬುದರ ಬಗ್ಗೆ. ಗೋಕಾಕ್ ವರದಿ, 1994ರ ಮಾತೃಭಾಷಾ ಮಾಧ್ಯಮದ ಆದೇಶ, ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದ 2007ರ ತೀರ್ಮಾನ, ಮಾಧ್ಯಮ ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮ, ಎಲ್ಲವೂ ಆ ಪ್ರಶ್ನೆಯ ಸುತ್ತಲೇ. ಕಲಿತ ಇಂಗ್ಲಿಷಿನಲ್ಲಿ ಮಗು ಏನು ಹೇಳಬೇಕು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬಂದಿಲ್ಲ.

ಅದು ಬರಿಯ ಪಾಠದ ಪ್ರಶ್ನೆಯಲ್ಲ ಎಂಬುದನ್ನು ಚಳ್ಳಕೆರೆಯೇ ತೋರಿಸಿದೆ. ಇಲ್ಲಿನ ಅಮೃತಮಹಲ್ ಕಾವಲುಗಳಲ್ಲಿ ತಲೆಮಾರುಗಳಿಂದ ಕುರಿ, ದನ ಮೇಯುತ್ತಿದ್ದವು. ಆ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿ. ಕುದಾಪುರದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ರಕ್ಷಣೆ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಇನ್ನಷ್ಟು ಸಾವಿರ ಎಕರೆ ಹಂಚಿಕೆಯಾದಾಗ ಗ್ರಾಮಸ್ಥರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರಲ್ಲಿ ಆದೇಶ ಬಂತು. 2017ರಲ್ಲಿ ರಕ್ಷಣಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆಯ ಉದ್ಘಾಟನೆಯೂ ಆಯಿತು. ವಿಜ್ಞಾನ ಬೇಕು ಎನ್ನುವವರ ಮಾತಿನಲ್ಲೂ ಹುಲ್ಲು ಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ, ಅದನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಗಮನಿಸಬೇಕಾದ್ದು ಒಂದೇ. ನ್ಯಾಯಮಂಡಳಿಯ ಕಲಾಪ, ಆದೇಶ ಎಲ್ಲ ಇಂಗ್ಲಿಷಿನಲ್ಲಿ. ಕುರಿ ಕಾಯುವವನ ಮಗಳು ಆ ಕಾಗದವನ್ನು ಓದಿ, ಇದು ಸರಿ, ಇದು ಸರಿಯಲ್ಲ, ಏಕೆಂದರೆ ಹೀಗೆ ಎಂದು ನಾಲ್ಕು ಸಾಲು ಬರೆಯಬಲ್ಲಳೇ? ಬರೆಯಲಾರಳಾದರೆ ಅವಳ ಪರವಾಗಿ ಯಾವಾಗಲೂ ಬೇರೆ ಯಾರೋ ಬರೆಯಬೇಕಾಗುತ್ತದೆ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು ಎನ್ನುವ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿದೆ. ಕೇಳಿದಾಗ ಹೇಳಲು ಬರಬೇಕಲ್ಲ!

ಮೇಷ್ಟ್ರುಗಳ ಕಷ್ಟವನ್ನೂ ಮರೆಯಬಾರದು. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ, ಮುಗಿಸಲೇಬೇಕಾದ ಪಠ್ಯ, ತಮಗೇ ಇಂಗ್ಲಿಷಿನ ಅಳುಕು. ನಲವತ್ತು ಮಕ್ಕಳ ನಲವತ್ತು ಅಭಿಪ್ರಾಯ ತಿದ್ದುವುದಕ್ಕಿಂತ ಒಂದೇ ಪ್ರಬಂಧದ ನಲವತ್ತು ನಕಲು ತಿದ್ದುವುದು ಸಲೀಸು. ಆದರೆ ಕಾಲ ಬದಲಾಗಿದೆ. ಹಸುವಿನ ಮೇಲಿನ ಪ್ರಬಂಧವನ್ನು ಈಗ ಮೊಬೈಲು ಕ್ಷಣದಲ್ಲಿ ಬರೆದುಕೊಡುತ್ತದೆ. ತನ್ನ ಮನೆಯ ಹಸುವನ್ನು ಮಾರಬೇಕೇ ಬೇಡವೇ ಎಂಬ ಬಗ್ಗೆ ಆ ಮನೆಯ ಮಗುವಿಗೆ ಏನನ್ನಿಸುತ್ತದೆ ಎಂಬುದು ಮಾತ್ರ ಮೊಬೈಲಿಗೆ ಗೊತ್ತಿಲ್ಲ. ದಿನಕ್ಕೆ ಒಂದು ಪ್ರಶ್ನೆ, ಎರಡು ಸಾಲು, ಒಂದು ‘ಬಿಕಾಸ್’. ಕಾಗುಣಿತದ ತಪ್ಪಿಗೆ ಅಡ್ಡಗೆರೆ ಬೇಡ. ಕಾರಣ ಗಟ್ಟಿಯಾಗಿದೆಯೇ ಎಂದು ಕೇಳಿದರೆ ಸಾಕು.

ಮತ್ತೆ ಬ್ರಹ್ಮಗಿರಿಯ ಬಂಡೆಗೆ ಬರೋಣ. ಅಲ್ಲಿರುವುದು ರಾಜನ ಅಭಿಪ್ರಾಯ. ಕಲ್ಲಿನ ಮೇಲೆ ಬರೆದವನು ಚಪಡನೆಂಬ ಲಿಪಿಕಾರ. ಕೊಟ್ಟದ್ದನ್ನು ಬರೆಯುವುದಷ್ಟೇ ಅವನ ಕೆಲಸ, ಗುಮಾಸ್ತನ ಕೆಲಸ. ಆದರೂ ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸಿದ. ‘ಲಿಪಿಕಾರ’ ಎಂಬ ಮಾತನ್ನಂತೂ ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ಗಡಿಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ. ಅವನು ಆ ಕಡೆಯವನೇ ಇರಬೇಕೆಂದು ವಿದ್ವಾಂಸರ ಊಹೆ. ಇಪ್ಪತ್ತೆರಡು ಶತಮಾನಗಳಾಚೆ ಮೊಳಕಾಲ್ಮೂರಿನ ಬಿಸಿಲಿನಲ್ಲಿ ಕುಳಿತು, ಪರರ ಮಾತನ್ನು ನಕಲು ಮಾಡುತ್ತಲೇ, ಇದನ್ನು ಬರೆದವನು ನಾನು ಎಂದು ಹೇಳಿದ ಆ ನಕಲುಗಾರನಿಗೆ ಸಿಕ್ಕಷ್ಟು ಜಾಗವಾದರೂ ನಮ್ಮ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಅವರಿಗೆ ಸಿಗಬೇಡವೇ?